ಒದ್ದೆ ಹುಲ್ಲಿನ ಮೇಲೆ ಬ್ರೇಕನ್ನು ನಂಬಿದ ದಿನ

ಆಷಾಢದ ಮಳೆ ಹಿಡಿದ ಮೇಲೆ ಶಿರಸಿಯ ನಮ್ಮ ಮನೆಯ ಅಂಗಳದಲ್ಲಿ ಹಾವಸೆ ಕಟ್ಟುತ್ತದೆ. ಜಾರಿ ಬೀಳಬಾರದೆಂದು ಬಾಗಿಲಿನಿಂದ ಕೊಟ್ಟಿಗೆಯವರೆಗೂ ಅಡಿಕೆ ಸೋಗೆ ಹಾಸುತ್ತೇವೆ. ಮೊನ್ನೆ ಆ ಸೋಗೆಯ ಮೇಲೆ ನಡೆಯುತ್ತಿದ್ದಾಗ ತಂಗಿಯ ಮಗ, "ಮಾವಾ, ನಿನ್ನ ವಿಮಾನ ಹುಲ್ಲಿನ ಮೇಲೆ ಜಾರಿದ್ದು ಹೇಗೆ?" ಎಂದು ಕೇಳಿದ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್ ವಿಮಾನವನ್ನು ನೋಡಿ ಬಂದಾಗಿನಿಂದ ಅವನಿಗೆ ಪೈಲಟ್ ಆಗುವ ಹಂಬಲ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಲೆಕ್ಕ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಉದ್ಯೋಗಕ್ಕೆಂದು ಇಂಗ್ಲೆಂಡಿನಲ್ಲಿದ್ದ ವರ್ಷಗಳಲ್ಲಿ ನಾನು ಖಾಸಗಿ ಪೈಲಟ್ ಪರವಾನಗಿ ಪಡೆದಿದ್ದೆ. ಅಲ್ಲಿನ ಹಳ್ಳಿಗಾಡಿನ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಡಾಂಬರು ಇರುವುದಿಲ್ಲ. ಹುಲ್ಲು ಕತ್ತರಿಸಿ ಸಮತಟ್ಟಾಗಿ ಇಟ್ಟುಕೊಂಡ ಬಯಲೇ ರನ್‌ವೇ. ಆ ದಿನ ನಾನು ಇಳಿಯಬೇಕಾಗಿದ್ದ ರನ್‌ವೇಯ ಉದ್ದ 650 ಮೀಟರ್. ಬೆಳಗಿನ ಮಳೆ ನಿಂತು ಬಿಸಿಲು ಬಂದಿತ್ತು. ವಿಮಾನ ನಾಲ್ಕು ಆಸನಗಳ ಸೆಸ್ನಾ 172ಎಸ್. ಪಕ್ಕದಲ್ಲಿ ಗೆಳೆಯನೊಬ್ಬ ಕುಳಿತಿದ್ದ.

ಈ ವಿಮಾನದ ಕೈಪಿಡಿಯ ಪ್ರಕಾರ, ಪೂರ್ಣ ತೂಕದಲ್ಲಿ, ಸಮುದ್ರಮಟ್ಟದಲ್ಲಿ, 50 ಅಡಿ ಎತ್ತರದಿಂದ ಇಳಿದು ನಿಲ್ಲಲು ಬೇಕಾಗುವ ದೂರ 1,335 ಅಡಿ, ಅಂದರೆ ಸುಮಾರು 407 ಮೀಟರ್; ಅದರಲ್ಲಿ ನೆಲದ ಮೇಲಿನ ಓಟ 175 ಮೀಟರ್ ಮಾತ್ರ. ಆದರೆ ಆ ಅಂಕಿ ಒಣಗಿದ, ಗಟ್ಟಿಯಾದ, ಸಮತಟ್ಟಾದ ರನ್‌ವೇಗೆ, ಗಾಳಿಯಿಲ್ಲದ ಹೊತ್ತಿಗೆ, 61 ನಾಟ್ (ಗಂಟೆಗೆ ಸುಮಾರು 113 ಕಿಲೋಮೀಟರ್) ವೇಗಕ್ಕೆ ಮತ್ತು ಬ್ರೇಕನ್ನು ಪೂರ್ತಿ ಒತ್ತಿದಾಗ ಸಿಗುವಂಥದ್ದು. ಒದ್ದೆ ಹುಲ್ಲಿಗೆ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಹೇಳುತ್ತಿದ್ದ ಲೆಕ್ಕ 1.35 ಪಟ್ಟು, ತೀರಾ ಗಿಡ್ಡ ಹುಲ್ಲು ನೆನೆದಿದ್ದರೆ 1.6 ಪಟ್ಟಿನವರೆಗೂ ಹೋಗಬಹುದೆಂಬ ಎಚ್ಚರಿಕೆಯೂ ಇತ್ತು. ಆ ದಿನ ಹೊಸದಾಗಿ ಕತ್ತರಿಸಿದ್ದ ಹುಲ್ಲಿಗೆ ಎರಡನೆಯದೇ ಅನ್ವಯಿಸುತ್ತಿತ್ತು. ಹಾಗೆ ಗುಣಿಸಿದರೆ 651 ಮೀಟರ್, ಅಂದರೆ ಇಡೀ ರನ್‌ವೇ ಅಷ್ಟಕ್ಕೇ ಮುಗಿಯುತ್ತದೆ. ಅದರ ಮೇಲೆ ಸುರಕ್ಷತೆಗೆಂದು ಶಿಫಾರಸು ಮಾಡುವ 1.43 ಪಟ್ಟು ಸೇರಿಸಿದರೆ 930 ಮೀಟರ್ ದಾಟುತ್ತದೆ. ನಾನು ಹೊರಡುವ ಮೊದಲು 407 ಮತ್ತು 650 ಎಂಬ ಎರಡೇ ಸಂಖ್ಯೆಗಳನ್ನು ನೋಡಿ, ಧಾರಾಳವಾಗಿ ಜಾಗವಿದೆ ಎಂದುಕೊಂಡಿದ್ದೆ.

ಗಿಡ್ಡ ಹುಲ್ಲೇ ಹೆಚ್ಚು ಜಾರುತ್ತದೆ ಎಂಬುದು ನಮ್ಮ ಬೇಣದಲ್ಲಿ ಮಳೆಗಾಲದಲ್ಲಿ ದನ ಕಾಯ್ದ ಯಾರಿಗೂ ಗೊತ್ತು. ಎತ್ತರದ ಹುಲ್ಲಿನಲ್ಲಿ ಕಾಲು ಹೂತು ಹಿಡಿತ ಸಿಗುತ್ತದೆ. ದನ ಮೇಯ್ದು ಬೋಳಾದ ಕಡೆ ಕಾಲಿಟ್ಟರೆ ಹಿಮ್ಮಡಿ ಸರ್ರನೆ ಹೋಗುತ್ತದೆ. ಬಾಲ್ಯದಿಂದ ತಿಳಿದಿದ್ದ ಈ ಸಂಗತಿ ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ.

ರನ್‌ವೇಯ ಅಂಚನ್ನು ದಾಟುವಾಗ ನನ್ನ ವೇಗ 70 ನಾಟ್ ಇತ್ತು. ಹೆಚ್ಚಾಗಿದ್ದು ಒಂಬತ್ತೇ ನಾಟ್ ಆದರೂ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬ್ರೇಕು ಕರಗಿಸಬೇಕಾದ ಶಕ್ತಿ ಶೇಕಡ 30ಕ್ಕೂ ಮಿಕ್ಕಿ ಹೆಚ್ಚಾಗಿತ್ತು. ನೆಲದ ಸಮೀಪದಲ್ಲಿ ರೆಕ್ಕೆಗಳನ್ನು ಗಾಳಿ ಹಿಂದಕ್ಕೆ ಎಳೆಯುವ ಬಲ ಕಡಿಮೆಯಾಗುವುದರಿಂದ ವಿಮಾನ ಕೆಳಗಿಳಿಯದೆ ತೇಲುತ್ತಲೇ ಮುಂದೆ ಸಾಗಿತು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬ ಪಕ್ಕದಲ್ಲಿ ಹಾದುಹೋಯಿತು; ಅದು ರನ್‌ವೇಯ ಸರಿಯಾಗಿ ಅರ್ಧಕ್ಕಿತ್ತು. ಆಗಲೇ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ಒತ್ತಿ, ಇಳಿಯಲೆಂದು ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿಸಿದ್ದ ಫ್ಲ್ಯಾಪನ್ನು 20 ಡಿಗ್ರಿಗೆ ಎತ್ತಿ, ಮತ್ತೆ ಮೇಲೇರಬೇಕಾಗಿತ್ತು. ಚಕ್ರ ಇನ್ನೇನು ತಾಗುತ್ತದೆ, ಮಿಕ್ಕಿದ್ದನ್ನು ಬ್ರೇಕು ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ ನಾನು ಕುಳಿತೇ ಇದ್ದೆ.

ಬ್ರೇಕ್ ಒತ್ತಿದ ಮೊದಲ ಕ್ಷಣದಲ್ಲೇ ಚಕ್ರಗಳು ತಿರುಗುವುದನ್ನು ನಿಲ್ಲಿಸಿದವು. ವಿಮಾನ ಮಾತ್ರ ನಿಲ್ಲಲಿಲ್ಲ. ಹಸಿ ಹುಲ್ಲು ಟೈರಿನ ಕೆಳಗೆ ಜಜ್ಜಿ ನೀರು ಮತ್ತು ರಸ ಬಿಟ್ಟಾಗ ರಬ್ಬರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ, ತಿರುಗದ ಚಕ್ರ ದಿಕ್ಕನ್ನೂ ಕಾಯುವುದಿಲ್ಲ. ಬ್ರೇಕ್ ಸಡಿಲಿಸಿ ಮತ್ತೆ ಹಗುರವಾಗಿ ಒತ್ತುವಷ್ಟರಲ್ಲಿ ಬೇಲಿ ಬಂದಿತ್ತು. ಮೂಗಿನ ಚಕ್ರ ಚರಂಡಿಗೆ ಇಳಿಯಿತು, ಪ್ರೊಪೆಲ್ಲರ್ ಮಣ್ಣಿಗೆ ಬಡಿದು ಬಾಗಿತು, ಎಂಜಿನ್ ನಿಂತಿತು. ನಮ್ಮಿಬ್ಬರಿಗೂ ಪೆಟ್ಟಾಗಲಿಲ್ಲ. ಹೊರಗೆ ಬಂದು ಹಿಂದೆ ತಿರುಗಿ ನೋಡಿದರೆ ಹುಲ್ಲಿನ ಮೇಲೆ ಎರಡು ನೇರವಾದ ಕಡುಹಸಿರು ಗೆರೆಗಳಿದ್ದವು. ಮಣ್ಣು ಎಲ್ಲಿಯೂ ಕಿತ್ತು ಬಂದಿರಲಿಲ್ಲ. ಬ್ರೇಕು ನೆಲವನ್ನು ಮುಟ್ಟಿಯೇ ಇರಲಿಲ್ಲ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿರಲಿಲ್ಲ.

ಸಣ್ಣ ವಿಮಾನದ ಈ ಕಥೆಯನ್ನು ದೊಡ್ಡ ದುರಂತದ ಪಕ್ಕದಲ್ಲಿಡಲು ಸಂಕೋಚವಾಗುತ್ತದೆ. ಆದರೂ 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡದ್ದನ್ನು ನಮ್ಮ ಕರಾವಳಿ ಮರೆತಿಲ್ಲ. ಅಲ್ಲಿಯೂ ವಿಮಾನ ರನ್‌ವೇಯ ಬಹುಭಾಗವನ್ನು ದಾಟಿದ ಮೇಲೆ ನೆಲ ಮುಟ್ಟಿತ್ತು, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದ್ದರು. ಆ ರನ್‌ವೇ ಒದ್ದೆಯೂ ಆಗಿರಲಿಲ್ಲ.

ಕೆಲವು ತಿಂಗಳ ನಂತರ ಮತ್ತೆ ಅದೇ ರನ್‌ವೇಗೆ ಬಂದೆ. ಹೊರಡುವ ಮುನ್ನವೇ ಒಂದು ಗುರುತು ನಿಶ್ಚಯಿಸಿಕೊಂಡಿದ್ದೆ: ಮೊದಲ ಮೂರನೇ ಒಂದು ಭಾಗದಲ್ಲಿರುವ ಬಿಳಿ ಫಲಕವನ್ನು ದಾಟುವುದರೊಳಗೆ ಚಕ್ರ ನೆಲಕ್ಕೆ ತಾಗದಿದ್ದರೆ ಮತ್ತೆ ಮೇಲೇರುವುದು. ಅಂದು ಹುಲ್ಲು ಒಣಗಿತ್ತು, ವೇಗವೂ ಹೆಚ್ಚೇನಿರಲಿಲ್ಲ, ಫಲಕ ದಾಟಿದಾಗ ಚಕ್ರ ನೆಲದಿಂದ ಒಂದು ಗೇಣು ಮೇಲಿತ್ತಷ್ಟೆ. ಥ್ರಾಟಲ್ ಪೂರ್ತಿ ಒತ್ತಿದೆ. ಸುತ್ತು ಹಾಕಿ ಎರಡನೆಯ ಸಲ ಇಳಿದಾಗ ಬೇಲಿಗೆ ಇನ್ನೂ ಇನ್ನೂರು ಮೀಟರಿನಷ್ಟು ಬಾಕಿ ಇತ್ತು.