ಫ್ಯಾನು ಡಿಸ್ಕಿನ ಮಾತು ಕೇಳಲಿ

ಮನೆಯಲ್ಲೇ ಜೋಡಿಸಿದ ಸ್ಟೋರೇಜ್ ಸರ್ವರ್‌ನ ಮೂಲ ಎಡವಟ್ಟು ಇದು: ಮದರ್‌ಬೋರ್ಡು ಸಾಮಾನ್ಯವಾಗಿ ಸಿಪಿಯು ಬಿಸಿ ನೋಡಿ ಫ್ಯಾನಿನ ವೇಗ ಗೊತ್ತುಮಾಡುತ್ತದೆ. ಸ್ಕ್ರಬ್ (ಡಿಸ್ಕುಗಳಲ್ಲಿರುವ ಡೇಟಾವನ್ನೆಲ್ಲ ಓದಿ ತಪ್ಪಿದೆಯೇ ಎಂದು ನೋಡುವ ಕೆಲಸ) ಶುರುವಾದರೆ ಸಿಪಿಯು ಅಷ್ಟೇನೂ ಬಿಸಿಯಾಗುವುದಿಲ್ಲ. ಡಿಸ್ಕುಗಳು ಮಾತ್ರ ಗಂಟೆಗಟ್ಟಲೆ ಬೇಯುತ್ತವೆ, ಮುಂದಿನ ಫ್ಯಾನು ತೂಕಡಿಸುತ್ತಿರುತ್ತದೆ.

ಹೊಸ ಫ್ಯಾನು ಕೊಳ್ಳುವ ಮೊದಲು ಗಾಳಿಯ ದಾರಿ ನೋಡಿ. ಎಲ್ಲಿ ಅಡ್ಡಿಯಿಲ್ಲವೋ ಗಾಳಿ ಅಲ್ಲೇ ನುಗ್ಗುತ್ತದೆ. ಖಾಲಿ ಬೇಗಳನ್ನೂ (ಡಿಸ್ಕು ಕೂರುವ ಗೂಡುಗಳನ್ನೂ) ಆ ಗೂಡುಗಳ ಚೌಕಟ್ಟಾದ ಡಿಸ್ಕ್ ಕೇಜಿನ ಅಕ್ಕಪಕ್ಕದ ಸಂದುಗಳನ್ನೂ ಫೋಮ್ ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದರೆ ಅದು ಡಿಸ್ಕುಗಳ ನಡುವೆಯೇ ಹಾಯಬೇಕಾಗುತ್ತದೆ.

80 ಮಿ.ಮೀ. ಫ್ಯಾನುಗಳ ಬದಲು 120 ಅಥವಾ 140ರದು ಹಾಕಿ, ನಿಧಾನ ತಿರುಗಿಸಿ. ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ತಗ್ಗುತ್ತದೆ. ಕೇಜಿಗೆ ಒತ್ತಿ ಕೂರುವ ಫ್ಯಾನಿಗೆ ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡ್ಡಿಯಿದ್ದರೂ ಗಾಳಿ ನೂಕುವ ಬಲ, ಹೆಚ್ಚಿರಲಿ.

ಲಿನಕ್ಸ್ ಕರ್ನೆಲ್ 5.6ರಿಂದ ಇರುವ ಡ್ರೈವ್‌ಟೆಂಪ್ ಮಾಡ್ಯೂಲ್ ಸಾಟಾ ಡಿಸ್ಕುಗಳ ತಾಪಮಾನವನ್ನು ಎಚ್‌ಡಬ್ಲ್ಯೂಮಾನ್‌ನಲ್ಲೇ (ಲಿನಕ್ಸ್ ಸೆನ್ಸರ್ ಅಂಕಿಗಳನ್ನು ತೋರಿಸುವ ಜಾಗ) ತೋರಿಸುತ್ತದೆ. ಪುಟ್ಟ ಸ್ಕ್ರಿಪ್ಟು ನಿಮಿಷಕ್ಕೊಮ್ಮೆ ಓದಿ, ಎಲ್ಲಕ್ಕಿಂತ ಬಿಸಿಯಾದ ಡಿಸ್ಕನ್ನು ಹಿಡಿದು ಪಿಡಬ್ಲ್ಯೂಎಂ (ಫ್ಯಾನಿನ ವೇಗ ಹೇಳುವ ಸಂಕೇತ) ಬದಲಿಸಲಿ. ಸರಾಸರಿ ಬೇಡ, ಅದು ಮಧ್ಯದ ಬೇಯಲ್ಲಿ ಬೇಯುವ ಡಿಸ್ಕನ್ನು ಮರೆಮಾಚುತ್ತದೆ. 36 ಡಿಗ್ರಿವರೆಗೆ ಶೇ. 30, 40ಕ್ಕೆ ಶೇ. 50, 44ಕ್ಕೆ ಶೇ. 80, 47 ದಾಟಿದರೆ ಪೂರ್ತಿ: ಶುರುವಿಗೆ ಇಷ್ಟು ಸಾಕು. ಏರುವಾಗ ತಕ್ಷಣ ಏರಲಿ, ಇಳಿಯುವಾಗ 2 ಡಿಗ್ರಿ ತಗ್ಗಿದ ಮೇಲೆಯೇ ಇಳಿಯಲಿ. ಒಂದೇ ಸಮನೆ ಕೇಳುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಏರಿಳಿಯುವ ಸದ್ದಿಗೆ ಇಲ್ಲ. ಎಚ್‌ಡಬ್ಲ್ಯೂಮಾನ್ ಸಂಖ್ಯೆ ರೀಬೂಟಿನಲ್ಲಿ ಬದಲಾಗಬಹುದು, ಆದ್ದರಿಂದ ಹೆಸರಿನಿಂದ ಹುಡುಕಿಸಿ. ಸ್ಕ್ರಿಪ್ಟು ಸತ್ತರೆ ಫ್ಯಾನು ಕೊನೆಯ ವೇಗದಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಅದನ್ನು ಓಡಿಸುವ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಹಿನ್ನೆಲೆ ಕೆಲಸಗಳನ್ನು ನಡೆಸುವ ವ್ಯವಸ್ಥೆ) ಸರ್ವೀಸ್ ನಿಂತಾಗ ಪೂರ್ಣ ವೇಗಕ್ಕೆ ತರುವ ಸಾಲೊಂದು ಇರಲೇಬೇಕು.

ಬಿಎಂಸಿ (ಬೋರ್ಡಿನ ಮೇಲೆ ಕಣ್ಣಿಡುವ ಪ್ರತ್ಯೇಕ ಚಿಪ್ಪು) ಇರುವ ಸರ್ವರ್ ಬೋರ್ಡಿನಲ್ಲಿ ಇನ್ನೊಂದು ಕಾಟ. ನಿಧಾನದ ಫ್ಯಾನು ಕೆಳಮಿತಿಗಿಂತ ಕಡಿಮೆ ತಿರುಗಿದರೆ ಅದು ಕೆಟ್ಟಿದೆಯೆಂದುಕೊಂಡು ಬಿಎಂಸಿ ಎಲ್ಲ ಫ್ಯಾನುಗಳನ್ನೂ ಅಬ್ಬರಿಸುತ್ತದೆ. ವೇಗ ಏರಿದೊಡನೆ ಸಮಾಧಾನವಾಗಿ ಇಳಿಸುತ್ತದೆ, ಮತ್ತೆ ಗಾಬರಿಯಾಗುತ್ತದೆ. ಬಿಎಂಸಿಗೆ ಆದೇಶ ಕೊಡುವ ಐಪಿಎಂಐಟೂಲ್‌ನಿಂದ ಆ ಕೆಳಮಿತಿಗಳನ್ನು ತಗ್ಗಿಸಿದರೆ ಆಟ ನಿಲ್ಲುತ್ತದೆ.

ಎಲ್ಲರೂ ಮರೆಯುವುದು ಡಿಸ್ಕುಗಳನ್ನು ಬೋರ್ಡಿಗೆ ಜೋಡಿಸುವ ಎಚ್‌ಬಿಎ ಕಾರ್ಡನ್ನು. ಸರ್ವರ್ ಚಾಸಿಯ ಬಿರುಗಾಳಿಯನ್ನು ನಂಬಿ ಮಾಡಿದ ಆ ಪುಟ್ಟ ಹೀಟ್‌ಸಿಂಕು ಸದ್ದಿಲ್ಲದ ಕೇಸಿನಲ್ಲಿ ಕೈಯಿಡಲಾಗದಷ್ಟು ಕಾಯುತ್ತದೆ. ಆಮೇಲೆ ಡಿಸ್ಕುಗಳು ಇದ್ದಕ್ಕಿದ್ದಂತೆ ಕಾಣೆಯಾಗುತ್ತವೆ, ದೂರು ಕೇಬಲ್ ಮೇಲೆ ಬೀಳುತ್ತದೆ. 40 ಮಿ.ಮೀ. ಫ್ಯಾನು ಕೀರಲು ದನಿಯದು. 92ರದೊಂದನ್ನು ಜಿಪ್ ಟೈನಿಂದ ಕಟ್ಟಿ, ಕಾರ್ಡಿನ ಮೇಲೆ ನಿಧಾನ ಬೀಸುವಂತೆ ಮಾಡಿ.

ಪರೀಕ್ಷೆ ಮಾಡುವಾಗ ಕೇಸಿನ ಮುಚ್ಚಳ ಹಾಕಿರಬೇಕು. ಡಿಸ್ಕು ಬಿಸಿಯಾಗುವುದು ನಿಧಾನ, ಆದ್ದರಿಂದ ಸ್ಕ್ರಬ್ ಕನಿಷ್ಠ 3 ಗಂಟೆ ಓಡಿದ ಮೇಲಿನ ಅಂಕಿಯನ್ನಷ್ಟೇ ನಂಬಿ.