ಎರಡನೆಯ ಪುಟದಲ್ಲಿದ್ದ ಬಸ್ ನಿಲ್ದಾಣ

ಇಂಗ್ಲೆಂಡಿನ ಉತ್ತರ ಭಾಗದ ಒಂದು ನಗರ ಕೌನ್ಸಿಲ್‌ನ ಪರವಾನಗಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಟ್ಯಾಕ್ಸಿ, ಪಬ್ಬು, ತಡರಾತ್ರಿಯ ಕಬಾಬ್ ಅಂಗಡಿ ಇವೇ ನಮ್ಮ ನಿತ್ಯದ ಕಡತಗಳು. ಇವುಗಳ ನಡುವೆ ವರ್ಷಕ್ಕೊಮ್ಮೆ ಒಂದು ಲ್ಯಾಪ್ ಡ್ಯಾನ್ಸಿಂಗ್ ಕ್ಲಬ್ಬಿನ, ಅಂದರೆ ನರ್ತಕಿಯರು ಗಿರಾಕಿಗಳ ತೀರ ಹತ್ತಿರ ಅರೆಬೆತ್ತಲೆಯಾಗಿ ಕುಣಿಯುವ ಕ್ಲಬ್ಬಿನ, ಪರವಾನಗಿ ನವೀಕರಣದ ಅರ್ಜಿ ಬರುತ್ತದೆ. ಉಳಿದ ಅರ್ಜಿಗಳಿಗೆ ಎರಡೋ ಮೂರೋ ತಕರಾರು ಬಂದರೆ, ಇದೊಂದಕ್ಕೆ ಪತ್ರಗಳ ಕಟ್ಟೇ ಬರುತ್ತದೆ. ಅಂಥ ಒಂದು ಕಟ್ಟನ್ನು ನಾನು ತಪ್ಪಾಗಿ ಓದಿದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

2010ಕ್ಕೆ ಮೊದಲು ಇಲ್ಲಿ ಇಂಥ ಕ್ಲಬ್ಬುಗಳಿಗೂ ಸಾಮಾನ್ಯ ಪಬ್ಬಿಗೂ ಪರವಾನಗಿಯ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ. 2009ರ ಪೊಲೀಸ್ ಮತ್ತು ಅಪರಾಧ ಕಾಯ್ದೆಯು 1982ರ ಸ್ಥಳೀಯ ಆಡಳಿತ ಕಾಯ್ದೆಗೆ ತಿದ್ದುಪಡಿ ತಂದು, ‘ಲೈಂಗಿಕ ಮನರಂಜನಾ ಸ್ಥಳ’ ಎಂಬ ಪ್ರತ್ಯೇಕ ವರ್ಗವನ್ನು ಮಾಡಿತು. ಈ ವ್ಯವಸ್ಥೆಯನ್ನು ಅಂಗೀಕರಿಸಿದ ಕೌನ್ಸಿಲ್‌ಗಳ ವ್ಯಾಪ್ತಿಯಲ್ಲಿ ಪರವಾನಗಿಯನ್ನು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಡುವಂತಿಲ್ಲ. ಅರ್ಜಿದಾರರು ಕಟ್ಟಡದ ಮೇಲೆ 21 ದಿನ ನೋಟಿಸ್ ಅಂಟಿಸಬೇಕು, ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅರ್ಜಿ ಸಲ್ಲಿಕೆಯಾದ 28 ದಿನಗಳೊಳಗೆ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಿಸಬಹುದು. ಆ ಪ್ರದೇಶದ ಸ್ವರೂಪ ಎಂಥದು, ಸುತ್ತಮುತ್ತಲಿನ ಕಟ್ಟಡಗಳು ಯಾವುದಕ್ಕೆ ಬಳಕೆಯಾಗುತ್ತಿವೆ, ಅಲ್ಲಿಗೆ ಇಂಥ ಎಷ್ಟು ಕ್ಲಬ್ಬುಗಳು ತಕ್ಕವು ಎಂಬುದರ ಆಧಾರದ ಮೇಲೆ ಕೌನ್ಸಿಲ್ ಪರವಾನಗಿಯನ್ನು ನಿರಾಕರಿಸಬಹುದು. ಆ ಸಂಖ್ಯೆ ಸೊನ್ನೆಯೂ ಆಗಿರಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ ಇಂಥ ಮನರಂಜನೆಯೇ ಅನೀತಿ ಎಂಬುದಷ್ಟೇ ನಿರಾಕರಣೆಗೆ ಕಾರಣವಾಗಲಾರದು.

ಈ ಕೊನೆಯ ನಿಯಮವನ್ನು ನಾನು ಚೆನ್ನಾಗಿ ಕಲಿತಿದ್ದೆ, ಬಹುಶಃ ಅಗತ್ಯಕ್ಕಿಂತ ಹೆಚ್ಚು ಚೆನ್ನಾಗಿ. ಆ ವರ್ಷ ಸಮಿತಿಗೆ ವರದಿ ಸಿದ್ಧಪಡಿಸುವಾಗ ಪತ್ರಗಳನ್ನು ಎರಡು ರಾಶಿ ಮಾಡಿ, ಪಾಪ, ನಾಚಿಕೆ, ಸಂಸ್ಕೃತಿ ಮುಂತಾದ ಪದಗಳಿಂದ ಆರಂಭವಾಗಿದ್ದವನ್ನೆಲ್ಲ ಒಂದು ಕಡೆಗೆ ಹಾಕಿ, ‘ನೈತಿಕ ಸ್ವರೂಪದವು, ಪರಿಗಣನೆಗೆ ಅರ್ಹವಲ್ಲ’ ಎಂದು ಒಂದೇ ಸಾಲಿನ ಷರಾ ಬರೆದೆ. ನಮ್ಮ ಹಿರಿಯ ಅಧಿಕಾರಿ ಕರಡನ್ನು ಓದಿದರು. ಆ ರಾಶಿಯಿಂದ ಒಂದು ಪತ್ರವನ್ನು ಎತ್ತಿಕೊಂಡು, ‘ಇದರ ಎರಡನೆಯ ಪುಟವನ್ನು ಓದಿದಿರಾ?’ ಎಂದು ಕೇಳಿದರು. ನಾನು ಓದಿರಲಿಲ್ಲ.

ಪತ್ರ ನೀಲಿ ಶಾಯಿಯಲ್ಲಿ, ಗೆರೆಯ ಹಾಳೆಯ ಎರಡು ಪುಟಗಳಲ್ಲಿತ್ತು. ಮೊದಲ ಪುಟದ ತುಂಬ ದೇವರ ಕೋಪ. ಎರಡನೆಯದರಲ್ಲಿ ಬರೆದವರು ತಮ್ಮ ಮಾತಿಗೆ ಬಂದಿದ್ದರು. ಅವರು ಆಸ್ಪತ್ರೆಯಲ್ಲಿ ಸಂಜೆಯ ಪಾಳಿಯ ಕೆಲಸದವರು. ರಾತ್ರಿ ಹನ್ನೊಂದರ ಸುಮಾರಿಗೆ ಬಸ್ಸಿಳಿಯುವ ನಿಲ್ದಾಣ ಕ್ಲಬ್ಬಿನ ಬಾಗಿಲಿಗೆ ಹನ್ನೆರಡು ಹೆಜ್ಜೆ ದೂರ. ಹೆಜ್ಜೆಗಳನ್ನು ಅವರೇ ಎಣಿಸಿದ್ದರು. ಸಿಗರೇಟು ಸೇದಲು ಹೊರಗೆ ಬಂದ ಗಂಡಸರು ನಿಲ್ದಾಣದ ತಂಗುದಾಣದಲ್ಲೇ ನಿಂತು, ‘ನಿನ್ನ ಸರದಿ ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಾರೆಂದೂ, ಹಾಗಾಗಿ ತಾವು ಒಂದು ನಿಲ್ದಾಣ ಮೊದಲೇ ಇಳಿದು ಮಳೆಯಲ್ಲೂ ನಡೆದು ಹೋಗುವುದಾಗಿಯೂ ಬರೆದಿದ್ದರು. ಪ್ರದೇಶದ ಸ್ವರೂಪದ ಬಗ್ಗೆ ಇದಕ್ಕಿಂತ ನಿಖರವಾದ ಸಾಕ್ಷ್ಯ ಆ ಕಟ್ಟಿನಲ್ಲಿ ಮತ್ತೊಂದಿರಲಿಲ್ಲ.

ನಮ್ಮೂರಿನಲ್ಲಿ ಬಾರ್ ಬೇಡವೆಂದು ತಹಶೀಲ್ದಾರರಿಗೆ ಕೊಡುವ ಮನವಿಗಳ ಧಾಟಿಯೂ ಇದೇ ಎಂಬುದು ನನಗೆ ಆಮೇಲೆ ಹೊಳೆಯಿತು. ಕಷ್ಟವನ್ನು ನೇರವಾಗಿ ಹೇಳಿದರೆ ಯಾರೂ ಕಿವಿಗೊಡುವುದಿಲ್ಲವೆಂದು ಭಾವಿಸಿದವರು ಮೊದಲು ಧರ್ಮವನ್ನು ಮುಂದಿಟ್ಟು, ಆಮೇಲೆ ಸಂಕೋಚದಿಂದ ತಮ್ಮ ಕಷ್ಟಕ್ಕೆ ಬರುತ್ತಾರೆ.

ಹಿರಿಯರು ಶೆಫೀಲ್ಡಿನ ಪ್ರಕರಣವನ್ನೂ ನೆನಪಿಸಿದರು. ಒಂದು ಕ್ಲಬ್ಬಿನ ನವೀಕರಣವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ಮಹಿಳೆಯರ ಸಮಾನತೆಯ ಆಧಾರದ ಮೇಲೆ ಬಂದ ಆಕ್ಷೇಪಣೆಗಳನ್ನು ನೈತಿಕವೆಂದು ಬದಿಗಿಟ್ಟದ್ದು ತಪ್ಪೆಂದು ಅಲ್ಲಿನ ಕೌನ್ಸಿಲ್ 2018ರಲ್ಲಿ ಒಪ್ಪಿಕೊಂಡಿತ್ತು. 2010ರ ಸಮಾನತಾ ಕಾಯ್ದೆಯ 149ನೇ ಕಲಮು ಅಂಥ ವಿಷಯವನ್ನು ಪರಿಗಣಿಸುವ ಹೊಣೆಯನ್ನು ನಮ್ಮ ಮೇಲೂ ಹೊರಿಸಿದೆ. ನಾನು ಎರಡು ರಾತ್ರಿ ಕುಳಿತು ಪ್ರತಿಯೊಂದು ಪತ್ರವನ್ನೂ ಕೊನೆಯಿಂದ ಮೊದಲಿಗೆ ಓದಿದೆ. ಈಗಲೂ ಹಾಗೆಯೇ ಓದುತ್ತೇನೆ.

ಮತ್ತೊಂದು ಎಡವಟ್ಟು ಕೂದಲೆಳೆಯಲ್ಲಿ ತಪ್ಪಿತು. ಆಕ್ಷೇಪಿಸಿದವರ ಒಪ್ಪಿಗೆಯಿಲ್ಲದೆ ಅವರ ಹೆಸರು, ವಿಳಾಸಗಳನ್ನು ಅರ್ಜಿದಾರರಿಗೆ ತಿಳಿಸುವಂತಿಲ್ಲ. ನಾನು ಹೆಸರುಗಳ ಮೇಲೆ ಕಪ್ಪು ಬಳಿದಿದ್ದೆನಾದರೂ, ಒಂದು ಪತ್ರದಲ್ಲಿ ‘ಎದುರಿನ ಹೊಲಿಗೆ ಅಂಗಡಿಯ ಮೇಲಿನ ನಮ್ಮ ಮನೆ’ ಎಂಬ ಮಾತನ್ನು ಹಾಗೆಯೇ ಬಿಟ್ಟಿದ್ದೆ. ಆ ಬೀದಿಯಲ್ಲಿ ಇರುವುದು ಒಂದೇ ಹೊಲಿಗೆ ಅಂಗಡಿ.

ವಿಚಾರಣೆಯಲ್ಲಿ ಮಾತನಾಡುವ ಹಕ್ಕು ಅರ್ಜಿದಾರರಿಗಿದೆ. ಆಕ್ಷೇಪಿಸಿದವರನ್ನು ಕೇಳುವುದು ಸಮಿತಿಯ ವಿವೇಚನೆಗೆ ಬಿಟ್ಟದ್ದು. ನಮ್ಮ ವರದಿಯ ಒಂದು ಸಾಲಿಗೆ ಅಷ್ಟೊಂದು ತೂಕ ಬರುವುದು ಇದರಿಂದಲೇ. ಅಂದು ಕ್ಲಬ್ಬಿನ ಪರವಾಗಿ ಇಬ್ಬರು ನರ್ತಕಿಯರೂ ಬಂದಿದ್ದರು. ಬಾಗಿಲು ಮುಚ್ಚಿದರೆ ಪರವಾನಗಿಯೂ ಕಾವಲುಗಾರರೂ ಇಲ್ಲದ ಖಾಸಗಿ ಪಾರ್ಟಿಗಳಿಗೆ ಹೋಗಬೇಕಾಗುತ್ತದೆ ಎಂದು ಅವರಲ್ಲೊಬ್ಬರು ಹೇಳಿದಾಗ ಸಭೆ ಸ್ತಬ್ಧವಾಯಿತು. ಬ್ರಿಸ್ಟಲ್‌ನಲ್ಲಿ ಸೊನ್ನೆಯ ಮಿತಿಯ ಪ್ರಸ್ತಾವ 2022ರಲ್ಲಿ ಬಿದ್ದುಹೋಗುವ ಮುನ್ನ ಅಲ್ಲಿನ ನರ್ತಕಿಯರೂ ಇಂಥದೇ ವಾದ ಮಂಡಿಸಿದ್ದರು. ಆಸ್ಪತ್ರೆಯ ಆ ಹೆಂಗಸು ಮತ್ತು ಈ ನರ್ತಕಿ, ಇಬ್ಬರ ಚಿಂತೆಯೂ ರಾತ್ರಿ ಮನೆಗೆ ಸುರಕ್ಷಿತವಾಗಿ ತಲುಪುವುದೇ ಆಗಿತ್ತು. ಆದರೂ ಕಡತದಲ್ಲಿ ಅವರು ಎದುರು ಬದುರು ಪಕ್ಷಗಳು.

ಸಮಿತಿಯು ಒಂದು ವರ್ಷಕ್ಕೆ ನವೀಕರಿಸಿತು. ಸಿಗರೇಟು ಸೇದುವ ಜಾಗವನ್ನು ಹಿಂಬದಿಯ ಓಣಿಗೆ ಸ್ಥಳಾಂತರಿಸಬೇಕು ಮತ್ತು ಕೊನೆಯ ಬಸ್ಸು ಹೋಗುವವರೆಗೆ ಒಬ್ಬ ಕಾವಲುಗಾರ ನಿಲ್ದಾಣದ ಕಡೆಗೆ ನಿಲ್ಲಬೇಕು ಎಂಬ ಷರತ್ತುಗಳನ್ನು ಹಾಕಿತು. ನಿರಾಕರಿಸಬೇಕಿತ್ತೇ ಎಂದು ಕೇಳಿದರೆ ನನ್ನಲ್ಲಿ ಇಂದಿಗೂ ಒಂದೇ ಉತ್ತರವಿಲ್ಲ.

ಮರುವರ್ಷ ಅದೇ ನೀಲಿ ಶಾಯಿಯ ಪತ್ರ ಬಂದಿತು. ಮೊದಲ ಪುಟದಲ್ಲಿ ದೇವರ ಕೋಪ ಕಡಿಮೆಯಾಗಿರಲಿಲ್ಲ. ಎರಡನೆಯ ಪುಟದಲ್ಲಿ ಬಸ್ ನಿಲ್ದಾಣದ ಮಾತಿರಲಿಲ್ಲ; ಹಿಂಬದಿಯ ಓಣಿಯ ದೀಪ ಮೂರು ವಾರದಿಂದ ಉರಿಯುತ್ತಿಲ್ಲವೆಂದು ಬರೆದಿತ್ತು. ಅದರ ಒಂದು ಪ್ರತಿಯನ್ನು ಹೆಸರು, ವಿಳಾಸ ತೆಗೆದು ಬೀದಿದೀಪ ವಿಭಾಗಕ್ಕೆ ಕಳುಹಿಸಿದೆ.