ತಪ್ಪು ಮಿಂಟಿನದಲ್ಲ, ರ‍್ಯಾಮಿನದು

ಡೊಂಬಿವಲಿಯ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಹಳೆ ಡೆಸ್ಕ್‌ಟಾಪ್ ಇದೆ. 2010ರ ಸುಮಾರಿಗೆ ಮುಂಬಯಿಯ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 2 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಅದರಲ್ಲಿ ವಿಂಡೋಸ್ 7, ಅದರ ಮೇಲೆ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಂಘದ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆ, ಯಾರದ್ದೋ ಷಷ್ಟ್ಯಬ್ದಿಯ ಅಭಿನಂದನಾ ಲೇಖನ, ಎಲ್ಲವೂ ಅದರಲ್ಲೇ.

ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿತ್ತು. ಅವರು ಅದರಲ್ಲೇ ನೆಟ್ ಬ್ಯಾಂಕಿಂಗ್ ಕೂಡ ಮಾಡುತ್ತಾರೆ ಅಂತ ಗೊತ್ತಾದಾಗ ನನಗೆ ಹೆದರಿಕೆಯಾಯಿತು. ವಿಂಡೋಸ್ 10 ಹಾಕೋಣವೆಂದರೆ ಅದರ ಅವಧಿಯೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಆದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಅದನ್ನು ಹೇಗೋ ದಾಟಿಸಿದರೂ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಎಂಬ ಇನ್‌ಸ್ಟ್ರಕ್ಷನ್ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದಿಲ್ಲ, ಬೂಟೇ ಆಗುವುದಿಲ್ಲ. ಹಾಗಾಗಿ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 22 ಎಂಬ ಉಚಿತ ಓಎಸ್ ಹಾಕಿದೆ, ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ನುಡಿಯಲ್ಲಿ ಇದ್ದ ಕೆಜಿಪಿ ಕೀಲಿಮಣೆ ಇಲ್ಲೂ ಐಬಸ್ ಎಂಬ ಟೈಪಿಂಗ್ ಸವಲತ್ತಿನ ಮೂಲಕ ಬರುತ್ತದೆ. ಹಾಗಾಗಿ ದೊಡ್ಡಪ್ಪನ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ.

ನಾನು ಮುಲುಂಡಿನ ಮನೆಗೆ ಬಂದ ಮಾರನೇ ದಿನವೇ ಫೋನ್.

"ಎಂತ ಮಾಡಿ ಹಾಕಿದ್ದಿ ಮಾರಾಯ್ತಿ? ಟೈಪ್ ಮಾಡ್ತಾ ಇದ್ದ ಹಾಗೇ ಎಲ್ಲಾ ಮಾಯ! ಇಷ್ಟು ವರ್ಷ ಒಂದು ದಿನ ನಿಂತದ್ದಿಲ್ಲ ಅದು."

ಈ ಮಾತಿಗೆ ಏನು ಉತ್ತರ ಕೊಡುವುದು? ನಿನ್ನೆವರೆಗೆ ಸರಿ ಇತ್ತು, ನೀನು ಮುಟ್ಟಿದೆ, ಇವತ್ತು ಕೆಟ್ಟಿತು. ಎದುರಿಗೆ ಯಾರಿದ್ದರೂ ಹೀಗೇ ಹೇಳುತ್ತಾರೆ, ಅಲ್ವಾ?

ಭಾನುವಾರ ಹೋಗಿ ಕೂತೆ. ಒಮ್ಮೆ ಫೈರ್‌ಫಾಕ್ಸ್ ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಲಿಬ್ರೆಆಫೀಸ್. ಒಮ್ಮೆ ಇಡೀ ಸ್ಕ್ರೀನ್ ಹೆಪ್ಪುಗಟ್ಟಿ ಮೌಸ್ ಕೂಡ ಅಲ್ಲಾಡಲಿಲ್ಲ. ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕಾಯಿತು. ಲಿನಕ್ಸಿನಲ್ಲಿ ಒಂದು ಅನುಕೂಲ ಇದೆ. ಹಿಂದಿನ ಸಲ ಕಂಪ್ಯೂಟರ್ ಆನ್ ಇದ್ದಾಗ ಏನೇನಾಯಿತು ಅನ್ನುವುದನ್ನು ಜರ್ನಲ್‌ಸಿಟಿಎಲ್ ಎಂಬ ಕಮಾಂಡಿಗೆ ಮೈನಸ್ ಬಿ, ಮೈನಸ್ 1 ಸೇರಿಸಿ ನೋಡಬಹುದು. ನೋಡಿದರೆ ಸೆಗ್‌ಫಾಲ್ಟ್ ಎಂಬ ಸಾಲುಗಳು, ಅಂದರೆ ಪ್ರೋಗ್ರಾಂ ಮೆಮೊರಿಯಲ್ಲಿ ಮುಟ್ಟಬಾರದ ಜಾಗ ಮುಟ್ಟಿ ಬಿದ್ದದ್ದು. ಒಂದು ಕಡೆ ಫೈರ್‌ಫಾಕ್ಸ್, ಇನ್ನೊಂದು ಕಡೆ ಸ್ಕ್ರೀನ್ ಮೂಡಿಸುವ ಎಕ್ಸ್‌ಆರ್ಗ್, ಮತ್ತೊಂದು ಕಡೆ ನಾನು ಹೆಸರೇ ಕೇಳಿರದ ಯಾವುದೋ ಸಣ್ಣ ಪ್ರೋಗ್ರಾಂ.

ನನ್ನ ಸಂಶಯ ಶುರುವಾದದ್ದು ಅಲ್ಲಿಂದ. ಯಾವಾಗಲೂ ಒಂದೇ ಪ್ರೋಗ್ರಾಂ ಬೀಳುತ್ತಿದ್ದರೆ ತಪ್ಪು ಅದರದ್ದು ಅನ್ನಬಹುದು. ಸಲಕ್ಕೊಂದು ಬೀಳುತ್ತಿದ್ದರೆ ಅವೆಲ್ಲವೂ ನಿಂತಿರುವ ನೆಲವನ್ನೇ ನೋಡಬೇಕು. ನೆಲ ಅಂದರೆ ರ‍್ಯಾಮ್, ಕರೆಂಟ್ ಒದಗಿಸುವ ಎಸ್‌ಎಂಪಿಎಸ್, ಬಿಸಿ. ನೆಟ್ಟಿನಲ್ಲಿ ಹುಡುಕಿದರೆ ಮಾತ್ರ ಎಲ್ಲರೂ ಬೇರೆ ಕರ್ನಲ್ (ಓಎಸ್‌ನ ತಿರುಳು) ಹಾಕಿ, ಡ್ರೈವರ್ ಬದಲಿಸಿ, ಮತ್ತೆ ಇನ್‌ಸ್ಟಾಲ್ ಮಾಡಿ ಅನ್ನುತ್ತಾರೆ. ಕಾರಣ ಗೊತ್ತಾಗದೆ ಮತ್ತೆ ಇನ್‌ಸ್ಟಾಲ್ ಮಾಡುವುದು ನನಗೆ ಸೇರುವುದಿಲ್ಲ.

ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ಮೇಲೆ ಧೂಳು ಕಂಬಳಿ ಹೊದಿಸಿದ ಹಾಗಿತ್ತು. ತೆಗೆದೆ. ತಲೆ ಉಬ್ಬಿದ ಕೆಪಾಸಿಟರ್ ಇದೆಯೇ ನೋಡಿದೆ, ಇರಲಿಲ್ಲ. ಸೆನ್ಸರ್ಸ್ ಕಮಾಂಡಿನಲ್ಲಿ ಪ್ರೊಸೆಸರಿನ ಬಿಸಿ ನೋಡಿದೆ, ಮಾಮೂಲಿ. ಬೂಟ್ ಆಗುವಾಗ ನೋಮೋಡ್‌ಸೆಟ್ ಎಂದು ಸೇರಿಸಿ ಡಿಸ್‌ಪ್ಲೇ ಡ್ರೈವರನ್ನು ಬದಿಗಿಟ್ಟೆ. ಆದರೂ ಬಿತ್ತು. ಹಾಗಾದರೆ ಗ್ರಾಫಿಕ್ಸ್ ಅಲ್ಲ.

ಇನ್ನೊಂದು ಪೆನ್‌ಡ್ರೈವಿನಲ್ಲಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ, ರಾತ್ರಿಯಿಡೀ ಓಡಲು ಬಿಟ್ಟು ಅಲ್ಲೇ ಮಲಗಿದೆ. ಈ ಪರೀಕ್ಷೆಯನ್ನು ಅರ್ಧ ಗಂಟೆ ನೋಡಿ ನಿಲ್ಲಿಸಬಾರದು. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಸಾಲುಗಳು.

ರ‍್ಯಾಮ್ ಹಾಳಾಗಿದೆ, ಸರಿ. ಆದರೆ ಆ ಸಾಲುಗಳಲ್ಲಿದ್ದ ವಿಳಾಸ, ಅಂದರೆ ಮೆಮೊರಿಯಲ್ಲಿ ತಪ್ಪು ಸಿಕ್ಕ ಜಾಗದ ಸಂಖ್ಯೆ, ನೋಡಿ ನಾನು ಚಹಾ ಕುಡಿಯುವುದನ್ನು ಮರೆತೆ. ಎಲ್ಲವೂ 4 ಜಿಬಿಯ ಆಚೆ! ಇರುವುದೇ 4 ಜಿಬಿ ರ‍್ಯಾಮ್. ಅದರಾಚೆ ವಿಳಾಸ ಎಲ್ಲಿಂದ ಬಂತು?

ಉತ್ತರ ಹೀಗಿದೆ. 4 ಜಿಬಿಯ ಒಳಗಿನ ವಿಳಾಸಗಳಲ್ಲಿ ಮೇಲಿನ ಒಂದಷ್ಟನ್ನು ಗ್ರಾಫಿಕ್ಸ್, ನೆಟ್‌ವರ್ಕ್, ಬಯೋಸ್ ಮುಂತಾದವು ತಮಗಾಗಿ ಕಾದಿರಿಸಿಕೊಂಡಿರುತ್ತವೆ. ಆ ಜಾಗದಲ್ಲಿ ಇರಬೇಕಾಗಿದ್ದ ರ‍್ಯಾಮನ್ನು ಚಿಪ್‌ಸೆಟ್ 4 ಜಿಬಿಯ ಮೇಲೆ ಎತ್ತಿ ಇಡುತ್ತದೆ. ದೊಡ್ಡಪ್ಪನ ವಿಂಡೋಸ್ 7 ಇದ್ದದ್ದು 32 ಬಿಟ್‌ನದು. ಅದು 4 ಜಿಬಿಯ ಗಡಿಯ ಆಚೆಗೆ ಕೈ ಹಾಕುವುದೇ ಇಲ್ಲ. ಹಳೆ ಕಂಪ್ಯೂಟರಿನಲ್ಲಿ 4 ಜಿಬಿ ಹಾಕಿದರೂ 'ಬಳಸಬಹುದಾದದ್ದು 3 ಚಿಲ್ಲರೆ' ಅಂತ ತೋರಿಸುತ್ತಿತ್ತಲ್ಲ, ಅದು ಇದೇ ಲೆಕ್ಕ. ಮಿಂಟ್ 22 ಬರೀ 64 ಬಿಟ್‌ನದು. ಅದು ಇಡೀ ರ‍್ಯಾಮನ್ನು ಬಳಸುತ್ತದೆ, ಆ ಮೂಲೆಯನ್ನೂ ಸೇರಿಸಿ. ಊರ ಮನೆಯಲ್ಲಿ ಯಾರೂ ಹತ್ತದ ಅಟ್ಟ ಸೋರುತ್ತಿದ್ದರೆ ಯಾರಿಗೆ ಗೊತ್ತಾಗುತ್ತದೆ?

ದೊಡ್ಡಪ್ಪನಿಗೆ ವಿವರಿಸಿದೆ. ಬ್ಯಾಂಕಿನವರು, ಬೇಗ ಹಿಡಿದರು. "ಅಂದ್ರೆ ನಾನು ಕೊಟ್ಟ ದುಡ್ಡಿನಲ್ಲಿ ಮುಕ್ಕಾಲು ಜಿಬಿ ಇಷ್ಟು ವರ್ಷ ಸುಮ್ನೆ ಬಿದ್ದಿತ್ತಾ?" ಹೌದು, ಬಿದ್ದಿತ್ತು. ಅವರಿಗೆ ಬೇಜಾರಾದದ್ದು ಕ್ರ್ಯಾಶ್‌ಗಿಂತ ಇದಕ್ಕೇ ಜಾಸ್ತಿ.

ಕೆಲಸ ನಿಲ್ಲಬಾರದೆಂದು ತಾತ್ಕಾಲಿಕ ಉಪಾಯ ಒಂದು ಮಾಡಿದೆ. ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್ಬಿನ ಸೆಟ್ಟಿಂಗಿನಲ್ಲಿ ಕರ್ನಲ್ ಸಾಲಿನ ಕೊನೆಗೆ ಮೆಮ್ ಈಕ್ವಲ್ಸ್ 3ಜಿ ಎಂದು ಬರೆದರೆ, ಲಿನಕ್ಸ್ ಮೊದಲ 3 ಜಿಬಿಯ ಆಚೆಗೆ ಹೋಗುವುದಿಲ್ಲ. ಬರೆದೆ. ಕಂಪ್ಯೂಟರ್ ಬೀಳುವುದು ಅಲ್ಲಿಗೇ ನಿಂತಿತು. ಅದೇ ಹೊಸ ಓಎಸ್, ಅದೇ ಕರ್ನಲ್, ಅದೇ ಡ್ರೈವರ್. ಮಿಂಟಿನ ಮೇಲಿದ್ದ ಅಪವಾದ ಹೋಯಿತು.

ಮುಂದಿನ ಭೇಟಿಯಲ್ಲಿ ಒಂದೊಂದೇ ರ‍್ಯಾಮ್ ಇಟ್ಟು ಪರೀಕ್ಷೆ ಮಾಡಿದೆ. ಒಂದು ಚೊಕ್ಕ, ಇನ್ನೊಂದರಲ್ಲಿ 2 ಜಿಬಿಯ ತುದಿಯ ಹತ್ತಿರ ಕೆಂಪು. ಮುಂಬಯಿಯ ಮಳೆಗಾಲದ ತೇವಕ್ಕೆ ಕಾಂಟ್ಯಾಕ್ಟ್ ಮಸುಕಾಗಿರಬಹುದು ಅಂತ ರಬ್ಬರಿನಿಂದ ಉಜ್ಜಿ, ಸ್ಲಾಟ್ ಬದಲಿಸಿ ನೋಡಿದೆ. ಅದೇ ಜಾಗದಲ್ಲಿ ಅದೇ ಕೆಂಪು. ಕಾಂಟ್ಯಾಕ್ಟಿನ ತೊಂದರೆಯಾಗಿದ್ದರೆ ವಿಳಾಸ ಹೀಗೆ ಒಂದೇ ಕಡೆ ಕೂರುತ್ತಿರಲಿಲ್ಲ. ಚಿಪ್ಪೇ ಹೋಗಿತ್ತು.

ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆ ಡಿಡಿಆರ್3 ಬೇಕಾದಷ್ಟು ಸಿಗುತ್ತದೆ. ಆದರೆ ಜಿ41 ಬೋರ್ಡಿಗೆ ಕೊಳ್ಳುವವರು ಒಂದು ವಿಷಯ ನೆನಪಿಡಿ. 4 ಜಿಬಿಯ ರ‍್ಯಾಮ್ ಎರಡು ತರಹ ಇದೆ. ಒಂದರಲ್ಲಿ ಎಂಟು ಚಿಪ್, ಒಂದೇ ಬದಿಯಲ್ಲಿ. ಇನ್ನೊಂದರಲ್ಲಿ ಹದಿನಾರು, ಎರಡೂ ಬದಿಯಲ್ಲಿ. ಎಂಟು ಚಿಪ್ಪಿನದರಲ್ಲಿ ಒಂದೊಂದು ಚಿಪ್ಪೂ 4 ಗಿಗಾಬಿಟ್. ಜಿ41 ಅಷ್ಟು ದೊಡ್ಡ ಚಿಪ್ಪನ್ನು ಒಪ್ಪುವುದಿಲ್ಲ. ಅಂಗಡಿಯವನು ಮೊದಲು ಅದನ್ನೇ ಕೊಟ್ಟ. "ದೋನೋ ತರಫ್ ಚಿಪ್‌ವಾಲಾ ದೋ ಭಯ್ಯಾ" ಅಂದೆ. ಮುಖ ನೋಡಿದ, ಒಳಗಿನ ಡಬ್ಬದಿಂದ ಹುಡುಕಿ ತೆಗೆದ. ಬೆಲೆ ಒಂದು ಸಾಧಾರಣ ಕೀಬೋರ್ಡಿಗಿಂತ ಕಡಿಮೆ.

ಅದನ್ನೂ ರಾತ್ರಿಯಿಡೀ ಮೆಮ್‌ಟೆಸ್ಟಿಗೆ ಹಾಕಿದೆ. ಹಳೆ ಮಾಲನ್ನು ನಂಬುವುದು ಹೇಗೆ? ಒಂದೂ ಕೆಂಪು ಬರಲಿಲ್ಲ. ಈಗ ಒಟ್ಟು 6 ಜಿಬಿ, ಗ್ರಬ್ಬಿನ ಆ ಸಾಲನ್ನೂ ತೆಗೆದಿದ್ದೇನೆ.

ಉಳಿದಿರುವುದು ನುಡಿಯ ಹಳೆ ಫೈಲುಗಳು. ಅವು ಈಗ ಎಲ್ಲ ಕಡೆ ಓದಲು ಬರುವ ಯುನಿಕೋಡ್ ಅಲ್ಲ, ಹಳೆ ಆಸ್ಕಿ ಫಾಂಟಿನವು. ಪರಿವರ್ತನೆ ಮಾಡಿದರೆ ಅರ್ಕಾವೊತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರುತ್ತದೆ. ದೊಡ್ಡಪ್ಪ ಒಂದೊಂದಾಗಿ ತಿದ್ದುತ್ತಾ ಕೂತಿದ್ದಾರೆ. ಇದಕ್ಕೂ ರ‍್ಯಾಮ್ ಕಾರಣವೋ ಅಂತ ನಿನ್ನೆ ಫೋನ್ ಮಾಡಿ ಕೇಳಿದರು.